87 ಅಂಕ, ಹಳಸಿದ ಅಂಕ: ರೇಸಿಂಗ್ ಗೇಮ್ ರಿವ್ಯೂ ಬಗ್ಗೆ ನನ್ನ ತಕರಾರು

ಭಾಗ 1/10
ಯಾಕೆ ಈ ಜಗಳ

"ಕ್ರಿಟಿಕ್ಸ್ 87 ಕೊಟ್ಟವ್ರೆ ಮಗಾ, ಬೈಯೋಕೆ ನೀನ್ಯಾರು ಗುರು?"

ಗ್ರ್ಯಾನ್ ಟುರಿಸ್ಮೊ 7 ಬಗ್ಗೆ ಹೋದ ವಾರ ಹಾಕಿದ ಸ್ಟೋರಿಗೆ ಬಂದ ರಿಪ್ಲೈಗಳಲ್ಲಿ ಮುಕ್ಕಾಲು ಪಾಲು ಇದೇ ಧಾಟಿ. ಸ್ಟೋರಿಲೇ ಉತ್ತರ ಕೊಟ್ರೆ 24 ಗಂಟೇಲಿ ಮಾಯ ಆಗುತ್ತೆ. ಅದಕ್ಕೇ ಹತ್ತು ಪೋಸ್ಟ್ ಮಾಡಿ ಬರೀತಿದೀನಿ. ಈಗ ಟೈಮ್ ಇಲ್ಲ ಅನ್ನೋರು ಸೇವ್ ಮಾಡ್ಕೊಳಿ, ಕಾಲೇಜಿಂದ ಬಸ್ಸಲ್ಲಿ ಮನೆಗೆ ಬರೋವಾಗ ಓದಿ.

ಎರಡು ವಿಷಯ ಮೊದಲೇ ಕ್ಲಿಯರ್ ಮಾಡ್ಬಿಡ್ತೀನಿ. ಕ್ರಿಟಿಕ್ಸ್ ಎಲ್ಲಾ ದುಡ್ಡು ತಿಂದವ್ರೆ ಅಂತ ನಾನು ಹೇಳ್ತಿಲ್ಲ. ಗ್ರ್ಯಾನ್ ಟುರಿಸ್ಮೊ 7 ಕೆಟ್ಟ ಗೇಮ್ ಅಂತಲೂ ಹೇಳ್ತಿಲ್ಲ.

ನಾನು ಹೇಳ್ತಿರೋದು ಇಷ್ಟೇ. ಇವತ್ತಿನ ರೇಸಿಂಗ್ ಗೇಮ್ ಬಿಡುಗಡೆ ಆದ್ಮೇಲೂ ಬದಲಾಗ್ತಾನೇ ಇರುತ್ತೆ. ಬಹುಮಾನದ ದುಡ್ಡು, ಕಾರಿನ ಬೆಲೆ, ಒಳಗಿನ ಅಂಗಡಿ, ಸರ್ವರ್, ಎಲ್ಲಾನೂ ಒಂದು ಅಪ್‌ಡೇಟಲ್ಲಿ ಹಿಂದೆ ಮುಂದೆ ಆಗುತ್ತೆ. ಅದಕ್ಕೆ ಕೊಟ್ಟ ಅಂಕ ಮಾತ್ರ ಅಲ್ಲಾಡಲ್ಲ. ಅದು ಸುಳ್ಳು ಅಂಕ ಅಲ್ಲ, ಹಳಸಿದ ಅಂಕ. ಬೆಳಿಗ್ಗೆ ಮಾಡಿದ ಅನ್ನ ಬೆಳಿಗ್ಗೆ ಚೆನ್ನಾಗೇ ಇತ್ತು. ಮೂರನೇ ದಿನಾನೂ ಅದನ್ನೇ ತಟ್ಟೆಗೆ ಹಾಕಿದ್ರೆ ಅಡುಗೆ ಮಾಡಿದವರನ್ನ ಬೈಯಲ್ಲ, ಬಡಿಸಿದವನನ್ನ ಬೈತೀವಿ.

ಇದು ಬರೀ ಗೇಮ್ ಹುಚ್ಚರ ವಾದ ಅಲ್ಲ ಕಣ್ರೋ. 2021ರ ಫೆಬ್ರವರಿಲಿ ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಮಾಡೆಲ್ ಬೆಲೆ 49,990 ರೂಪಾಯಿ. ನಮ್ಮಲ್ಲಿ ಒಬ್ಬ ಹುಡುಗ ಅದನ್ನ ತಗೋಬೇಕು ಅಂದ್ರೆ ಎರಡು ಮೂರು ವರ್ಷ ರಜದಲ್ಲಿ ಕೆಲಸ ಮಾಡಿ ಕೂಡಿಡಬೇಕು. ಆಮೇಲೆ ಒಂದೊಂದು ಗೇಮಿಗೂ ಸಾವಿರಗಟ್ಟಲೆ. ಆ ದುಡ್ಡು ಹಾಕೋ ಮುಂಚೆ ಅವನು ನೋಡೋದು ಒಂದೇ ನಂಬರ್. ಆ ನಂಬರ್ ಹಳಸಿದ್ರೆ ನಷ್ಟ ಯಾರಿಗೆ?


ಭಾಗ 2/10
ಆ ನಂಬರ್ ಎಲ್ಲಿಂದ ಬರುತ್ತೆ

ಗೇಮ್ ಸ್ಕೋರ್ ಅಂದ್ರೆ ಎಲ್ಲರೂ ತೋರಿಸೋದು ಮೆಟಾಕ್ರಿಟಿಕ್. 2001ರಿಂದ ನಡೀತಿರೋ ಸೈಟು. ತಾನೇ ಕೂತು ಗೇಮ್ ಆಡಿ ಅಂಕ ಕೊಡಲ್ಲ. ಬೇರೆ ಬೇರೆ ಪತ್ರಿಕೆ, ಸೈಟುಗಳ ವಿಮರ್ಶಕರು ಕೊಟ್ಟ ಅಂಕ ಒಟ್ಟು ಮಾಡಿ, 100ಕ್ಕೆ ಇಷ್ಟು ಅಂತ ಒಂದು ಸರಾಸರಿ ತೆಗೆದು ಬಣ್ಣ ಹಚ್ಚುತ್ತೆ. ಗೇಮ್‌ಗಳಿಗೆ 75 ಮತ್ತು ಮೇಲಿದ್ರೆ ಹಸಿರು, 50ರಿಂದ 74 ಹಳದಿ, ಅದಕ್ಕಿಂತ ಕೆಳಗೆ ಕೆಂಪು.

ಇಲ್ಲಿ ಬಿಕಾಂ ಓದ್ತಿರೋರು ಸ್ವಲ್ಪ ಕಿವಿ ಕೊಡಿ. ಅದು ಸಾದಾ ಸರಾಸರಿ ಅಲ್ಲ, ವೆಯ್ಟೆಡ್ ಆವರೇಜ್. ಅಂದ್ರೆ ಕೆಲವು ಪತ್ರಿಕೆಗಳ ಅಂಕಕ್ಕೆ ತೂಕ ಜಾಸ್ತಿ, ಕೆಲವಕ್ಕೆ ಕಮ್ಮಿ. ಯಾವುದಕ್ಕೆ ಎಷ್ಟು ತೂಕ? ಹೇಳಲ್ಲ. ಅದು ಅವರ ಗುಟ್ಟು.

ಸ್ಟಾಟಿಸ್ಟಿಕ್ಸ್ ಪರೀಕ್ಷೇಲಿ ವೆಯ್ಟ್ ಕಾಲಮ್ ಖಾಲಿ ಬಿಟ್ಟು ಉತ್ತರ ಮಾತ್ರ 87 ಅಂತ ಬರೆದು ಬನ್ನಿ ನೋಡೋಣ, ಸ್ಟೆಪ್ ಮಾರ್ಕ್ಸ್ ಕೂಡ ಸಿಗಲ್ಲ. ನಮ್ಮ ಮೇಷ್ಟ್ರು ಒಪ್ಪದ ಲೆಕ್ಕವನ್ನ ಇಡೀ ಗೇಮ್ ಮಾರ್ಕೆಟ್ ಒಪ್ಕೊಂಡಿದೆ.

ಇನ್ನೊಂದು ನಿಯಮ ಇದೆ, ನನ್ನ ಪೂರ್ತಿ ತಕರಾರು ಅದರ ಮೇಲೇ ನಿಂತಿರೋದು. ಒಬ್ಬ ವಿಮರ್ಶಕ ಮೊದಲ ಸಲ ಕೊಟ್ಟ ಅಂಕವನ್ನ ಮಾತ್ರ ಮೆಟಾಕ್ರಿಟಿಕ್ ಲೆಕ್ಕಕ್ಕೆ ತಗೊಳ್ಳುತ್ತೆ. ಆಮೇಲೆ ಅದೇ ವಿಮರ್ಶಕ ಮನಸ್ಸು ಬದಲಾಯಿಸಿ 9 ಇದ್ದದ್ದನ್ನ 6 ಮಾಡಿದ್ರೂ ಅಲ್ಲಿ 9 ಹಾಗೇ ಇರುತ್ತೆ. ಕಾರಣನೂ ಇದೆ. ಕಂಪನಿಯವರು ವಿಮರ್ಶಕರ ಮೇಲೆ ಒತ್ತಡ ಹಾಕಿ ಅಂಕ ಏರಿಸ್ಕೊಬಾರದು ಅನ್ನೋ ಉದ್ದೇಶ. ಒಳ್ಳೇ ಉದ್ದೇಶನೇ. ಆದ್ರೆ ಕಳ್ಳ ಬರದೇ ಇರ್ಲಿ ಅಂತ ಬಾಗಿಲಿಗೆ ಗೋಡೆ ಕಟ್ಟಿದ್ರೆ ಮನೆಯವರೂ ಹೊರಗೇ ನಿಲ್ಲಬೇಕಾಗುತ್ತೆ.

ಈ ಗೋಡೆಯಿಂದ ಏನಾಯ್ತು ಅನ್ನೋದಕ್ಕೆ ಒಂದು ಕೇಸ್ ಹೇಳ್ತೀನಿ. ಮುಂದಿನ ಪೋಸ್ಟಿಗೆ ಬನ್ನಿ.


ಭಾಗ 3/10
ಮಾರ್ಚ್ 4ರಿಂದ ಮಾರ್ಚ್ 17ರವರೆಗೆ

ಗ್ರ್ಯಾನ್ ಟುರಿಸ್ಮೊ 7 ಬಿಡುಗಡೆ ಆಗಿದ್ದು 2022ರ ಮಾರ್ಚ್ 4ಕ್ಕೆ. ಮಾಡಿದ್ದು ಜಪಾನಿನ ಪಾಲಿಫೋನಿ ಡಿಜಿಟಲ್, ಮಾರಿದ್ದು ಸೋನಿ. ವಿಮರ್ಶಕರ ಕೈಗೆ ಗೇಮ್ ಮುಂಚೆನೇ ಸಿಕ್ಕಿತ್ತು, ಬಿಡುಗಡೆ ಹೊತ್ತಿಗೆ ರಿವ್ಯೂಗಳು ರೆಡಿ. ಕಾರು ಓಡೋ ರೀತಿ, ರಸ್ತೆ ಮೇಲೆ ಬೀಳೋ ಬೆಳಕು, ಮಳೆ ನಿಂತ ಟ್ರ್ಯಾಕು, ಇದನ್ನೆಲ್ಲ ಹೊಗಳಿದ್ರು. ಹೊಗಳಬೇಕಾದ್ದೇ. ಮೆಟಾಕ್ರಿಟಿಕ್‌ನಲ್ಲಿ 87, ದಪ್ಪ ಹಸಿರು ಚೌಕ.

ಒಂದು ವಿಷಯ ಗಮನಿಸಿ. ವಿಮರ್ಶಕರು ಆಡುವಾಗ, ಗೇಮ್ ಒಳಗೆ ನಿಜವಾದ ದುಡ್ಡು ಕೊಟ್ಟು ಕ್ರೆಡಿಟ್ ಕೊಂಡ್ಕೊಳ್ಳೋ ಅಂಗಡಿ ಇನ್ನೂ ತೆಗೆದಿರಲಿಲ್ಲ. ಅಂಗಡಿ ಬಾಗಿಲು ತೆರೆದದ್ದು ನಾವು ನೀವು ದುಡ್ಡು ಕೊಟ್ಟು ಒಳಗೆ ಹೋದ್ಮೇಲೆ.

ಮಾರ್ಚ್ 17ಕ್ಕೆ 1.07 ಅನ್ನೋ ಅಪ್‌ಡೇಟ್ ಬಂತು. ಅದರಲ್ಲಿ ತೊಂದರೆ ಕಾಣಿಸಿ ಸರ್ವರ್ ನಿಲ್ಲಿಸಿದ್ರು. 30 ಗಂಟೆಗೂ ಜಾಸ್ತಿ ಗೇಮ್ ಬಂದ್. ಈ ಗೇಮಲ್ಲಿ ಒಬ್ಬನೇ ಕೂತು ಆಡೋ ಭಾಗಕ್ಕೂ ಬಹುಪಾಲು ಇಂಟರ್ನೆಟ್ ಬೇಕು. ಹಾಗಾಗಿ ಡಿಸ್ಕ್ ಕೈಲಿ ಇಟ್ಕೊಂಡವರೂ ಸುಮ್ನೆ ಕೂತಿದ್ರು. ಬೈಕ್ ನಮ್ದು, ಪೆಟ್ರೋಲ್ ನಮ್ದು, ಕೀ ಮಾತ್ರ ಶೋರೂಮಿನವನ ಹತ್ರ ಅನ್ನೋ ಹಂಗೆ.

ಸರ್ವರ್ ವಾಪಸ್ ಬಂದಾಗ ಇನ್ನೊಂದು ಉಡುಗೊರೆ. ದುಡ್ಡು ಚೆನ್ನಾಗಿ ಸಿಗ್ತಿದ್ದ ಕೆಲವು ರೇಸ್‌ಗಳ ಬಹುಮಾನ ಇಳಿಸಿದ್ರು. ಕಾರಿನ ಬೆಲೆ ಇಳಿಸಲಿಲ್ಲ. ಜನ ರೊಚ್ಚಿಗೆದ್ರು. ಗೇಮಿನ ಮುಖ್ಯಸ್ಥ ಕಜುನೊರಿ ಯಮೌಚಿ ಮೊದಲು ಸಮಜಾಯಿಷಿ ಕೊಟ್ರು, ಒಂದು ವಾರ ಬಿಟ್ಟು ಕ್ಷಮೆ ಕೇಳಿದ್ರು. ಆಟಗಾರರಿಗೆ 10 ಲಕ್ಷ ಕ್ರೆಡಿಟ್ ಪುಕ್ಕಟೆ ಸಿಕ್ತು. ಏಪ್ರಿಲ್ ಅಪ್‌ಡೇಟಲ್ಲಿ ಬಹುಮಾನಗಳನ್ನ ಮತ್ತೆ ಏರಿಸಿದ್ರು.

ಈಗ ಅಂಕ ನೋಡಿ. ಮಾರ್ಚ್ 4ಕ್ಕೆ 87. ಗೇಮ್ ಆನ್ ಆಗದ ದಿನ 87. ಬಹುಮಾನ ಇಳಿಸಿದಾಗ 87. ಕ್ಷಮೆ ಕೇಳಿ ಸರಿ ಮಾಡಿದಾಗಲೂ 87.

ಜ್ವರ ಬಂದ್ರೂ ಇಳಿದ್ರೂ ಒಂದೇ ತೋರಿಸೋ ಥರ್ಮಾಮೀಟರ್‌ನ ನೀವು ಮನೇಲಿ ಇಟ್ಕೋತೀರಾ?


ಭಾಗ 4/10
ಸ್ವಲ್ಪ ಲೆಕ್ಕ ಮಾಡೋಣ

"ಕ್ರೆಡಿಟ್ ತಾನೆ, ಆಡಿ ಸಂಪಾದಿಸ್ಕೊ, ಯಾರು ಕೊಂಡ್ಕೊ ಅಂದ್ರು?" ಅಂತಾರೆ ಕೆಲವರು. ಸರಿ, ಲೆಕ್ಕ ಹಾಕೋಣ.

ಆಗ 20 ಲಕ್ಷ ಕ್ರೆಡಿಟ್ ಪ್ಯಾಕ್‌ಗೆ ಅಮೆರಿಕದ ಬೆಲೆ ಸುಮಾರು 20 ಡಾಲರ್. ಗೇಮಲ್ಲಿ 1 ಕೋಟಿ ಕ್ರೆಡಿಟ್ ದಾಟೋ ಕಾರುಗಳಿದ್ವು. 1 ಕೋಟಿ ಅಂದ್ರೆ ಐದು ಪ್ಯಾಕ್. ಐದು ಇಪ್ಪತ್ತಲ 100 ಡಾಲರ್. ಇಡೀ ಗೇಮ್ ಪಿಎಸ್5ನಲ್ಲಿ ಅಲ್ಲಿ 70 ಡಾಲರ್. ಅಂದ್ರೆ ಗೇಮ್ ಒಳಗಿನ ಒಂದು ಕಾರು, ಅದೂ ಟಿವಿ ಒಳಗೆ ಮಾತ್ರ ಇರೋ ಕಾರು, ಗೇಮಿಗಿಂತ ದುಬಾರಿ.

ದುಡ್ಡು ಹಾಕಲ್ಲ ಅನ್ನೋರು ಅದೇ ರೇಸ್‌ನ ಗಾಣದೆತ್ತಿನ ಥರ ಮತ್ತೆ ಮತ್ತೆ ಸುತ್ತಬೇಕು. ಎಷ್ಟು ಸುತ್ತು ಅನ್ನೋದನ್ನ ತೀರ್ಮಾನ ಮಾಡೋದು ಬಹುಮಾನದ ಮೊತ್ತ. ಆ ಮೊತ್ತವನ್ನೇ ಅಪ್‌ಡೇಟಲ್ಲಿ ಇಳಿಸಿದ್ದು. ಇದು ಸಣ್ಣ ಬದಲಾವಣೆ ಅಲ್ಲ. ಸಂಬಳ ಇಳಿಸಿ ಬಾಡಿಗೆ ಹಾಗೇ ಇಟ್ಟಂಗೆ.

ಇದೊಂದೇ ಗೇಮಿನ ಕಥೆ ಅಂದ್ಕೊಬೇಡಿ. ಕ್ರ್ಯಾಶ್ ಟೀಮ್ ರೇಸಿಂಗ್ ನೈಟ್ರೋ ಫ್ಯೂಯೆಲ್ಡ್ ಬಂದಿದ್ದು 2019ರ ಜೂನ್‌ನಲ್ಲಿ. ರಿವ್ಯೂಗಳೆಲ್ಲ ಬಂದು ಅಂಕ ಬಿದ್ದಾಗಿತ್ತು. ಎರಡು ತಿಂಗಳು ತುಂಬೋ ಮೊದಲೇ ಆಗಸ್ಟ್‌ನಲ್ಲಿ ನಿಜವಾದ ದುಡ್ಡಿಗೆ ಕಾಯಿನ್ ಮಾರೋ ವ್ಯವಸ್ಥೆ ಒಳಗೆ ಬಂತು. ಮಕ್ಕಳೂ ಆಡೋ ಕಾರ್ಟೂನ್ ರೇಸ್ ಗೇಮ್ ಅದು.

ನಾವು ಅಕೌಂಟೆನ್ಸಿಲಿ ಮೊದಲು ಕಲಿಯೋದೇನು? ಬ್ಯಾಲೆನ್ಸ್ ಶೀಟ್ ತಲೆ ಮೇಲೆ ತಾರೀಖು ಇರಲೇಬೇಕು. ಮಾರ್ಚ್ 31ಕ್ಕೆ ಇದ್ದಂತೆ, ಅಷ್ಟೇ. ಏಪ್ರಿಲ್ 1ರ ಕಥೆ ಅದು ಹೇಳಲ್ಲ, ಹೇಳ್ತೀನಿ ಅಂತ ನಾಟಕನೂ ಆಡಲ್ಲ. ಮಾರ್ಚ್ 31 ಆದ್ಮೇಲೆ ಲೆಕ್ಕಕ್ಕೆ ಒಪ್ಪಿಗೆ ಸಿಗೋದರೊಳಗೆ ದೊಡ್ಡದೇನಾದ್ರೂ ನಡೆದ್ರೆ ಏನು ಮಾಡಬೇಕು ಅನ್ನೋದಕ್ಕೇ ಎಎಸ್ 4 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಮುಂದಿನ ವರ್ಷ ಮತ್ತೆ ಹೊಸ ಆಡಿಟ್. ಗೇಮಿನ ದಪ್ಪ ನಂಬರಿಗೆ ತಾರೀಖೂ ಇಲ್ಲ, ಮರು ಆಡಿಟ್ಟೂ ಇಲ್ಲ.


ಭಾಗ 5/10
ಡೈರಿಗೆ ಬನ್ನಿ, ಅಂಕ ಅಂದ್ರೇನು ತೋರಿಸ್ತೀನಿ

ಅಂಕ ಕೊಡೋದೇ ತಪ್ಪು ಅನ್ನೋ ಪಾರ್ಟಿ ನಾನಲ್ಲ. ನಮ್ಮ ಹೊಂಗನೂರಿನ ಕಡೆ ಅರ್ಧ ಜೀವನ ನಡೆಯೋದೇ ಅಂಕದ ಮೇಲೆ.

ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕೋರನ್ನ ನೋಡಿದ್ದೀರಲ್ಲ? ಕ್ಯಾನ್ ತಂದು ಇಟ್ಟ ತಕ್ಷಣ ದುಡ್ಡು ಬರೆಯಲ್ಲ. ಸ್ವಲ್ಪ ಹಾಲು ತೆಗೆದು ಪರೀಕ್ಷೆ ಮಾಡ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಅಂತ ನೋಡಿ ಅದರ ಮೇಲೆ ರೇಟು. ಮೇವು ಬದಲಾದ್ರೆ ಫ್ಯಾಟ್ ಬದಲಾಗುತ್ತೆ. ಹಸು ಕರು ಹಾಕಿ ಎಷ್ಟು ತಿಂಗಳಾಯ್ತು ಅನ್ನೋದರ ಮೇಲೂ ಬದಲಾಗುತ್ತೆ. ಯಾರಾದ್ರೂ ಒಂದು ಚೊಂಬು ನೀರು ಸೇರಿಸಿದ್ರಂತೂ ಸಿಕ್ಕಿಬಿದ್ದಂಗೇ.

"ಹೋದ ಯುಗಾದಿಲಿ ನಮ್ಮ ಹಸು ಹಾಲು ಭಾರಿ ಗಟ್ಟಿ ಇತ್ತು ಕಣಪ್ಪ, ಅದೇ ರೇಟು ಬರ್ಕೊ" ಅಂತ ಒಬ್ಬ ಅಜ್ಜಿ ಕೇಳಿದ್ರೆ ಡೈರಿಯವರು ಏನಂತಾರೆ? "ಅಜ್ಜಿ, ಇವತ್ತಿನ ಹಾಲಿಗೆ ಇವತ್ತಿನ ರೇಟು" ಅಂತಾರೆ. ಅಷ್ಟೇ ಮಾತು, ಅಜ್ಜಿನೂ ಒಪ್ಕೋತಾರೆ.

ರಾಮನಗರದ ರೇಷ್ಮೆಗೂಡು ಮಾರ್ಕೆಟ್ಟೂ ಅಷ್ಟೇ. ಒಬ್ಬ ರೈತ ಹೋದ ಸಲ ಒಳ್ಳೇ ಗೂಡು ತಂದಿದ್ದ ಅಂತ ಈ ಸಲದ ಲಾಟ್‌ಗೆ ಕಣ್ಣು ಮುಚ್ಚಿ ಹರಾಜು ಕೂಗಲ್ಲ. ರೀಲರ್ ಗೂಡನ್ನ ಕೈಲಿ ಹಿಡಿದು ನೋಡ್ತಾನೆ, ಆಮೇಲೇ ಬೆಲೆ.

ಅಂದ್ರೆ ಬದಲಾಗೋ ಸರಕಿಗೆ ಬದಲಾಗೋ ಅಂಕ ಅನ್ನೋದು ನಮ್ಮ ಊರುಗಳಲ್ಲಿ ಓದು ಬರಹ ಬಾರದವರಿಗೂ ಗೊತ್ತಿರೋ ನ್ಯಾಯ. 1998ರ ಗೇಮ್ ಡಿಸ್ಕ್ ಚನ್ನಪಟ್ಟಣದ ಮರದ ಗೊಂಬೆ ಇದ್ದಂಗೆ. ಪಟ್ಟರಿ ಮೇಲೆ ಕಡೆದು ಅರಗು ಹಚ್ಚಿ ಮುಗಿಸಿದ್ರೆ ಮುಗೀತು, ಹತ್ತು ವರ್ಷ ಆದ್ಮೇಲೂ ಅದೇ ಗೊಂಬೆ. ಅದಕ್ಕೆ ಒಂದೇ ಸಲ ಅಂಕ ಸಾಕು. 2022ರ ಗೇಮ್ ಹಾಲಿನ ಥರ, ದಿನಾ ಕರೆದು ತರೋದು. ಕಂಪನಿಗಳು ಗೊಂಬೆ ಮಾರೋದು ಬಿಟ್ಟು ಹಾಲು ಮಾರೋಕೆ ಶುರು ಮಾಡಿದ್ರು, ವಿಮರ್ಶಕರು ಮಾತ್ರ ಇನ್ನೂ ಗೊಂಬೆ ಅಂಗಡೀಲೇ ನಿಂತವ್ರೆ.


ಭಾಗ 6/10
ಅನ್ಯಾಯ ಎರಡೂ ಕಡೆ

"ನೀನು ಕಂಪನಿ ದ್ವೇಷಿ, ಅದಕ್ಕೇ ಅಂಕ ಇಳಿಸು ಅಂತಿದೀಯ" ಅಂತ ಒಬ್ಬರು ಡಿಎಂ ಮಾಡಿದ್ರು. ಅವರಿಗಾಗಿ ಈ ಪೋಸ್ಟ್. ಹಳಸಿದ ಅಂಕದಿಂದ ಒಳ್ಳೇ ಗೇಮ್‌ಗೂ ಏಟು ಬೀಳುತ್ತೆ.

ಡ್ರೈವ್‌ಕ್ಲಬ್ ಗೊತ್ತಾ? 2014ರ ಅಕ್ಟೋಬರ್‌ನಲ್ಲಿ ಪಿಎಸ್4ಗೆ ಬಂತು, ಮಾಡಿದ್ದು ಇಂಗ್ಲೆಂಡಿನ ಎವಲ್ಯೂಷನ್ ಸ್ಟುಡಿಯೋಸ್. ಗೆಳೆಯರೆಲ್ಲ ಕ್ಲಬ್ ಕಟ್ಕೊಂಡು ಆನ್‌ಲೈನಲ್ಲಿ ಆಡೋದೇ ಅದರ ಜೀವಾಳ. ಬಿಡುಗಡೆ ದಿನವೇ ಸರ್ವರ್ ಕುಸೀತು, ವಾರಗಟ್ಟಲೆ ಸರಿ ಹೋಗಲಿಲ್ಲ. ಮೆಟಾಕ್ರಿಟಿಕ್‌ನಲ್ಲಿ 71, ಹಳದಿ ಚೌಕ. ಆ ದಿನಕ್ಕೆ ಅದು ನ್ಯಾಯವೇ ಇರಬಹುದು.

ಆಮೇಲೆ ಆ ಹುಡುಗರು ಕೈ ಕಟ್ಟಿ ಕೂರಲಿಲ್ಲ. ಸರ್ವರ್ ಸರಿ ಮಾಡಿದ್ರು. ಡಿಸೆಂಬರ್‌ನಲ್ಲಿ ಮಳೆ, ಹಿಮ ಎಲ್ಲಾ ಪುಕ್ಕಟೆ ಅಪ್‌ಡೇಟಲ್ಲಿ ತಂದ್ರು. ಗಾಜಿನ ಮೇಲೆ ಹನಿ ಜಾರೋ ಆ ಮಳೆಯನ್ನ ಇವತ್ತಿಗೂ ಜನ ರೀಲ್ಸ್‌ನಲ್ಲಿ ಹಾಕ್ತಾರೆ. ಅಂಕ? 71 ಹಾಗೇ. 2016ರ ಮಾರ್ಚ್‌ನಲ್ಲಿ ಸೋನಿ ಆ ಸ್ಟುಡಿಯೋನೇ ಮುಚ್ಚಿತು. 2020ರ ಮಾರ್ಚ್‌ನಲ್ಲಿ ಸರ್ವರ್ ಆಫ್. ಅಂಕ ಒಂದರಿಂದಲೇ ಮುಚ್ಚಿತು ಅಂತ ನಾನು ಹೇಳಲ್ಲ. ಆದ್ರೆ ಆಮೇಲೆ ಪಟ್ಟ ಕಷ್ಟಕ್ಕೆ ಆ ದಪ್ಪ ನಂಬರಲ್ಲಿ ಒಂದು ಅಂಕದ ಜಾಗನೂ ಸಿಗಲಿಲ್ಲ ಅನ್ನೋದು ಸತ್ಯ.

ಇನ್ನೊಂದು, ಯೂಬಿಸಾಫ್ಟ್‌ನ ದಿ ಕ್ರೂ. ಇದೂ 2014ರದ್ದೇ. ಇಡೀ ಅಮೆರಿಕ ಸುತ್ತೋ ರೇಸಿಂಗ್ ಗೇಮ್. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದ್ರು, ಅವತ್ತಿಂದ ದುಡ್ಡು ಕೊಟ್ಟು ಕೊಂಡವರೂ ಒಬ್ಬರೇ ಕೂತು ಆಡೋಕಾಗಲ್ಲ. ಅದರಿಂದಲೇ "ಸ್ಟಾಪ್ ಕಿಲ್ಲಿಂಗ್ ಗೇಮ್ಸ್" ಅನ್ನೋ ಚಳವಳಿ ಹುಟ್ಟಿದ್ದು. ಗೇಮ್ ಸತ್ತಿದೆ, ಅದರ ಅಂಕ ಇನ್ನೂ ಬದುಕಿದೆ. ಸತ್ತವರ ಹೆಸರಲ್ಲಿ ರೇಷನ್ ಕಾರ್ಡ್ ನಡೀತಿರೋ ಹಂಗೆ.


ಭಾಗ 7/10
ವಿಮರ್ಶಕರ ಪರವಾಗಿ ಒಂದು ಮಾತು, ಆಮೇಲೆ ಒಂದು ಪ್ರಶ್ನೆ

ವಿಮರ್ಶಕರ ಕೆಲಸ ಸುಲಭ ಅಲ್ಲ. ಬಿಡುಗಡೆಗೆ ಕೆಲವೇ ದಿನ ಮೊದಲು ಕಂಪನಿ ಗೇಮ್ ಕಳಿಸುತ್ತೆ. ಇಂಥ ದಿನ ಇಂಥ ಗಂಟೆಗೆ ಮುಂಚೆ ರಿವ್ಯೂ ಹಾಕಬಾರದು ಅನ್ನೋ ಷರತ್ತು ಇರುತ್ತೆ, ಅದಕ್ಕೆ ಎಂಬಾರ್ಗೋ ಅಂತಾರೆ. ಆ ಗಂಟೆ ಹೊಡೆದ ತಕ್ಷಣ ಎಲ್ಲರ ರಿವ್ಯೂ ಒಟ್ಟಿಗೆ ಬೀಳುತ್ತೆ. ಎರಡು ದಿನ ತಡ ಮಾಡಿದ್ರೆ ಓದೋರೇ ಇರಲ್ಲ. ಹಾಗಾಗಿ ಓಡ್ತಾ ಓಡ್ತಾ ಆಡಬೇಕು, ಆಡ್ತಾ ಆಡ್ತಾ ಬರೀಬೇಕು.

ಬೇರೆ ಗೇಮಿಗಿಂತ ರೇಸಿಂಗ್ ಗೇಮಿಗೆ ಇದರಿಂದ ಜಾಸ್ತಿ ಪೆಟ್ಟು ಅನ್ನೋದು ನನ್ನ ವಾದ. ಯಾಕೆ ಅಂದ್ರೆ ರೇಸಿಂಗ್ ಗೇಮಲ್ಲಿ ಎರಡು ಅರ್ಧ ಇದೆ. ಒಂದು ಸ್ಟೀರಿಂಗು, ಇನ್ನೊಂದು ಗ್ಯಾರೇಜು.

ಸ್ಟೀರಿಂಗ್ ಅಂದ್ರೆ ಕಾರು ಹೇಗೆ ತಿರುಗುತ್ತೆ, ಬ್ರೇಕ್ ಹೇಗೆ ಹಿಡಿಯುತ್ತೆ, ಟ್ರ್ಯಾಕ್ ಹೇಗೆ ಕಾಣುತ್ತೆ ಅನ್ನೋದು. ಅನುಭವ ಇರೋರಿಗೆ ಒಂದೆರಡು ದಿನದಲ್ಲೇ ಗೊತ್ತಾಗುತ್ತೆ. ವಿಮರ್ಶಕರು ಇದನ್ನ ಚೆನ್ನಾಗೇ ಅಳೀತಾರೆ.

ಗ್ಯಾರೇಜ್ ಅಂದ್ರೆ ಒಂದು ಕಾರು ಸಂಪಾದಿಸೋಕೆ ಎಷ್ಟು ವಾರ ಬೇಕು, ಬೆಲೆ ಏರುತ್ತಾ ಇಳಿಯುತ್ತಾ, ಮೂರನೇ ತಿಂಗಳಲ್ಲೂ ಆಡೋಕೆ ಆಸೆ ಉಳಿಯುತ್ತಾ ಅನ್ನೋದು. ಇದು ಒಂದು ವಾರದಲ್ಲಿ ಯಾರಿಗೂ ಗೊತ್ತಾಗಲ್ಲ, ಎಷ್ಟೇ ಬುದ್ಧಿವಂತರಾದ್ರೂ. ನೀಡ್ ಫಾರ್ ಸ್ಪೀಡ್ ಪೇಬ್ಯಾಕ್ ನೆನಪಿದ್ಯಾ, 2017ರದ್ದು? ಕಾರಿನ ಶಕ್ತಿ ಏರಿಸೋಕೆ ಸ್ಪೀಡ್ ಕಾರ್ಡ್ ಅನ್ನೋ ಅದೃಷ್ಟದ ಆಟ ಇಟ್ಟಿದ್ರು. ಅದು ಎದ್ದು ಕಾಣ್ತಿತ್ತು, ವಿಮರ್ಶಕರು ಹಿಡಿದು ಬೈದ್ರು, ಅಂಕಾನೂ ಇಳೀತು. ಅಂದ್ರೆ ಕಣ್ಣಿಗೆ ಬಿದ್ರೆ ಅವರು ಸುಮ್ನೆ ಬಿಡಲ್ಲ. ಕಣ್ಣಿಗೆ ಬೀಳೋದು ರಿವ್ಯೂ ಆದ್ಮೇಲೆ ಬಂದ್ರೆ?

ಪ್ರಶ್ನೆ ಇಲ್ಲಿದೆ. ಅರ್ಧ ಗೇಮ್ ಮಾತ್ರ ನೋಡೋಕೆ ಸಿಕ್ಕಿದ್ರೆ ಅರ್ಧಕ್ಕೆ ಮಾತ್ರ ಅಂಕ ಕೊಡಿ. "ಸ್ಟೀರಿಂಗ್ 9, ಗ್ಯಾರೇಜ್ ಇನ್ನೂ ನೋಡಿಲ್ಲ" ಅಂತ ಬರೆಯೋಕೆ ಏನು ಕಷ್ಟ? ಪ್ರಾಕ್ಟಿಕಲ್ ಮುಗಿಸಿ ಥಿಯರಿ ಬರೆಯದ ಹುಡುಗನಿಗೆ ಯಾವ ಯೂನಿವರ್ಸಿಟಿನೂ ಫೈನಲ್ ಮಾರ್ಕ್ಸ್ ಕಾರ್ಡ್ ಕೊಡಲ್ಲ.


ಭಾಗ 8/10
"ಹಂಗಾದ್ರೆ ಜನರ ಸ್ಕೋರ್ ನಂಬು"

ಇದು ಎಲ್ಲರ ರೆಡಿಮೇಡ್ ಉತ್ತರ. ನಾನು ಇದನ್ನೂ ಒಪ್ಪಲ್ಲ.

ಆ ಮಾರ್ಚ್ ಗಲಾಟೆಲಿ ಗ್ರ್ಯಾನ್ ಟುರಿಸ್ಮೊ 7ರ ಯೂಸರ್ ಸ್ಕೋರ್ 10ಕ್ಕೆ 2ರ ಸುತ್ತಮುತ್ತ ಬಿತ್ತು. ಎದೆ ಮುಟ್ಕೊಂಡು ಹೇಳಿ, ಅಷ್ಟು ಚೆನ್ನಾಗಿ ಕಾರು ಓಡಿಸೋ ಗೇಮ್ 10ಕ್ಕೆ 2ರದ್ದಾ? ಅಲ್ಲ. ಅದು ಅಂಕ ಅಲ್ಲ, ಕೋಪ. ಕೋಪಕ್ಕೆ ಕಾರಣ ಇತ್ತು, ಒಪ್ತೀನಿ. ಆದ್ರೆ ಏಪ್ರಿಲ್‌ನಲ್ಲಿ ಬಹುಮಾನ ಏರಿಸಿದ್ಮೇಲೆ ಆ 2 ಕೊಟ್ಟವರಲ್ಲಿ ಎಷ್ಟು ಜನ ವಾಪಸ್ ಬಂದು ತಿದ್ದಿರ್ತಾರೆ? ಜನರ ಅಂಕಾನೂ ಹಳಸುತ್ತೆ.

ಜನರ ಕೋಪ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಕಥೆ ಇದೆ. 2017ರಲ್ಲಿ ಸ್ನ್ಯಾಪ್‌ಚಾಟ್ ಸಿಇಒ ಭಾರತದ ಬಗ್ಗೆ ಏನೋ ಅಂದ್ರು ಅನ್ನೋ ಸುದ್ದಿ ಹಬ್ಬಿತು. ಜನ ರೊಚ್ಚಿಗೆದ್ದು ಒಂದು ಸ್ಟಾರ್ ಕೊಡೋಕೆ ಹೋದ್ರು. ಅವರಲ್ಲಿ ಎಷ್ಟೋ ಜನ ಹೋಗಿ ಕೊಟ್ಟಿದ್ದು ಸ್ನ್ಯಾಪ್‌ಡೀಲ್‌ಗೆ! ಅದು ನಮ್ಮ ದೇಶದ್ದೇ ಶಾಪಿಂಗ್ ಆಪ್ ಗುರು, ಪಾಪ.

ಇನ್ನು ಫೋನ್ ಗೇಮ್‌ಗಳ ಸ್ಟಾರ್ ಕಥೆ ಬೇರೆ. ರೇಸ್ ಗೆದ್ದ ಖುಷಿಲಿ ಇರುವಾಗಲೇ "5 ಸ್ಟಾರ್ ಕೊಡಿ" ಅಂತ ಪಾಪ್‌ಅಪ್ ಬರುತ್ತೆ. ಸೋತಾಗ ಯಾಕೆ ಕೇಳಲ್ಲ ಅಂತ ಯೋಚನೆ ಮಾಡಿದ್ದೀರಾ?

ಆದ್ರೂ ಪ್ಲೇ ಸ್ಟೋರ್ ಒಂದು ಕೆಲಸ ಸರಿಯಾಗಿ ಮಾಡಿದೆ, ಹೇಳಲೇಬೇಕು. 2019ರಿಂದ ಅಲ್ಲಿ ಹಳೇ ರೇಟಿಂಗ್‌ಗಿಂತ ಹೊಸ ರೇಟಿಂಗ್‌ಗೆ ತೂಕ ಜಾಸ್ತಿ. ಆಪ್ ಬದಲಾಗುತ್ತೆ, ರೇಟಿಂಗೂ ಬದಲಾಗಬೇಕು ಅನ್ನೋದೇ ಕಾರಣ. 2021ರ ಕೊನೆಯಿಂದ ಆಯಾ ದೇಶದವರಿಗೆ ಆಯಾ ದೇಶದ ರೇಟಿಂಗ್ ತೋರಿಸೋಕೆ ಶುರು ಮಾಡಿದ್ರು. ಅಂದ್ರೆ ಹೊಸದಕ್ಕೆ ಹೊಸ ತೂಕ, ಊರಿಗೆ ತಕ್ಕ ಅಂಕ. ನಮ್ಮ ಡೈರಿ ನ್ಯಾಯ ಅಲ್ಲಿಗೆ ತಲುಪಿದೆ. ವಿಮರ್ಶಕರ ಲೋಕಕ್ಕೆ ಯಾಕೆ ತಲುಪಿಲ್ಲ?


ಭಾಗ 9/10
ನಮ್ಮ ಗೇಮ್‌ಗಳಿಗೆ ಅಂಕ ಎಲ್ಲಿ

ಈಗ ನಿಜವಾಗ್ಲೂ ನಮಗೆ ಸೇರಿದ ಮಾತು.

ನಮ್ಮ ಕ್ಲಾಸಲ್ಲಿ ಪಿಎಸ್5 ಇಟ್ಕೊಂಡಿರೋರು ಎಷ್ಟು ಜನ? ಒಂದು ಕೈ ಬೆರಳು ಸಾಕು ಎಣಿಸೋಕೆ. ಹಾಗಾದ್ರೆ ಉಳಿದವರು ಓಡಿಸ್ತಿರೋದು ಏನನ್ನ? ಫೋನಲ್ಲಿ ಅಸ್ಫಾಲ್ಟ್, ಹಿಲ್ ಕ್ಲೈಂಬ್ ರೇಸಿಂಗ್, ಇಂಡಿಯನ್ ಬೈಕ್ಸ್ ಡ್ರೈವಿಂಗ್ 3ಡಿ. ಬಸ್ ಹುಚ್ಚರು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಇಂಡೋನೇಷ್ಯಾದ ಮಾಲಿಯೋ ಕಂಪನಿ 2017ರಲ್ಲಿ ಬಿಟ್ಟ ಗೇಮ್‌ಗೆ ನಮ್ಮ ಹುಡುಗರು ಕೆಎಸ್‌ಆರ್‌ಟಿಸಿ ಬಣ್ಣ ಹಚ್ಚಿ, ಐರಾವತ ಮಾಡಿ, ಬೋರ್ಡಿಗೆ ಕನ್ನಡದಲ್ಲಿ ಊರ ಹೆಸರು ಬರೆದು ಓಡಿಸ್ತವ್ರೆ.

ಇಂಡಿಯನ್ ಬೈಕ್ಸ್‌ಗೆ, ಈ ಬಸ್ ಗೇಮ್‌ಗೆ ದೊಡ್ಡ ವಿಮರ್ಶಕರ ಅಂಕ ಹುಡುಕಿ ನೋಡಿ. ಸಿಗಲ್ಲ. ಮೆಟಾಕ್ರಿಟಿಕ್‌ನಲ್ಲಿ ಒಂದು ಗೇಮ್‌ಗೆ ಅಂಕ ಬರಬೇಕು ಅಂದ್ರೆ ಕನಿಷ್ಠ ನಾಲ್ಕು ರಿವ್ಯೂ ಬೇಕು. ನಾವು ಆಡೋ ಗೇಮ್‌ನ ಆ ಮಟ್ಟದ ವಿಮರ್ಶಕರು ನಾಲ್ಕು ಜನ ಕೂತು ಆಡಿರಲ್ಲ. ಲೆಕ್ಕಕ್ಕೆ ಬರೋ ಪತ್ರಿಕೆಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನವು. ಅವರು 4ಕೆ ಟಿವಿ, ಒಳ್ಳೇ ನೆಟ್ ಇಟ್ಕೊಂಡು ಬರೀತಾರೆ. ಸಾಯಂಕಾಲ ಕರೆಂಟ್ ಹೋಗಿ ವೈಫೈ ಆಫ್ ಆದ್ರೆ ಸೇವ್ ಉಳಿಯುತ್ತಾ ಅನ್ನೋದು ಅವರ ಪ್ರಶ್ನೆನೇ ಅಲ್ಲ. 3 ಜಿಬಿ ರ‍್ಯಾಮ್ ಫೋನ್ ಎಷ್ಟು ಬಿಸಿ ಆಗುತ್ತೆ, ದಿನದ ಡೇಟಾದಲ್ಲಿ ಎಷ್ಟು ತಿನ್ನುತ್ತೆ, ಎರಡು ರೇಸ್ ಮಧ್ಯೆ ಎಷ್ಟು ಜಾಹೀರಾತು, ಇವ್ಯಾವೂ ಆ 87ರಲ್ಲಿ ಇಲ್ಲ.

ಹಾಗಂತ ದೊಡ್ಡ ರೇಸಿಂಗ್ ಗೇಮ್‌ಗೂ ನಮಗೂ ಸಂಬಂಧ ಇಲ್ಲ ಅನ್ಕೊಬೇಡಿ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಶುರು ಮಾಡಿದ ಧ್ರುವ ಇಂಟರಾಕ್ಟಿವ್‌ನ ಕಲಾವಿದರು ಫೋರ್ಜಾ ಹೊರೈಜಾನ್‌ಗೂ ಕೆಲಸ ಮಾಡಿದ್ದಾರೆ. 2019ರಲ್ಲಿ ಆ ಸ್ಟುಡಿಯೋನ ರಾಕ್‌ಸ್ಟಾರ್ ಕೊಂಡ್ಕೊಂಡಿತು. ಅಂದ್ರೆ ಗೇಮ್ ಮಾಡೋದ್ರಲ್ಲಿ ನಮ್ಮ ಕೈ ಇದೆ, ಆಡೋದ್ರಲ್ಲಿ ನಮ್ಮ ಕೈ ಇದೆ. ಅಂಕ ಕೊಡೋ ಜಾಗದಲ್ಲಿ ಮಾತ್ರ ನಾವಿಲ್ಲ.

ಅಂಕ ಅನ್ನೋದು ಮಾಡೋರ ಅನ್ನದ ಪ್ರಶ್ನೆನೂ ಹೌದು. ರೇಸಿಂಗ್ ಅಲ್ಲದಿದ್ರೂ ಈ ಉದಾಹರಣೆ ಹೇಳಲೇಬೇಕು. 2010ರ ಫಾಲ್‌ಔಟ್ ನ್ಯೂ ವೇಗಸ್‌ಗೆ 85 ಬಂದಿದ್ರೆ ಅದನ್ನ ಮಾಡಿದ ಅಬ್ಸಿಡಿಯನ್ ಸ್ಟುಡಿಯೋಗೆ ಬೋನಸ್ ಇತ್ತು. ಬಂದಿದ್ದು 84. ತೂಕ ಗುಟ್ಟಾಗಿಟ್ಟ ಲೆಕ್ಕದಲ್ಲಿ ಒಂದು ಅಂಕ ಕಮ್ಮಿ, ಬೋನಸ್ ಇಲ್ಲ.


ಭಾಗ 10/10
ಸರಿ, ಏನು ಮಾಡ್ಬೇಕು ಅಂತೀಯ?

"ಅಂಕಾನೇ ಬೇಡ, ಬರಹ ಓದ್ಲಿ" ಅನ್ನೋರಿದ್ದಾರೆ. ಯೂರೋಗೇಮರ್ 2015ರಲ್ಲಿ ಹಾಗೇ ಅಂಕ ಕೊಡೋದು ಬಿಟ್ಟಿತು. 2023ರಲ್ಲಿ 5 ಸ್ಟಾರ್ ಜೊತೆ ವಾಪಸ್ ಬಂತು. ಜನರಿಗೆ ನಂಬರ್ ಬೇಕು. ದುಡ್ಡು ಕೊಡೋನು ಒಂದು ಅಳತೆ ಕೇಳೋದು ತಪ್ಪೂ ಅಲ್ಲ. ನಂಬರ್ ತೆಗೀಬೇಡಿ, ನಂಬರ್ ತಾಜಾ ಇಡಿ.

ವಿಮರ್ಶಕರಿಗೆ ನನ್ನ ಬೇಡಿಕೆ ನಾಲ್ಕೇ.

1. ಅಂಕದ ಪಕ್ಕದಲ್ಲೇ ತಾರೀಖು ಮತ್ತು ಯಾವ ಅಪ್‌ಡೇಟ್ ಆಡಿದ್ದು ಅಂತ ದಪ್ಪಗೆ ಬರೀರಿ.
2. ಗೇಮ್ ಒಳಗಿನ ಅಂಗಡಿ ತೆಗೆದಿರಲಿಲ್ಲ ಅಂದ್ರೆ "ಅಂಗಡಿ ನೋಡಿಲ್ಲ" ಅಂತ ಅಂಕದ ಕೆಳಗೇ ಹೇಳಿ, ಹನ್ನೆರಡನೇ ಪ್ಯಾರಾದಲ್ಲಿ ಅಲ್ಲ.
3. 90 ದಿನ ಆದ್ಮೇಲೆ ಇನ್ನೊಂದು ಅಂಕ ಕೊಡಿ. ಹಳೇದನ್ನ ಅಳಿಸಬೇಡಿ, ಎರಡೂ ಅಕ್ಕಪಕ್ಕ ಇರ್ಲಿ. ಕಂಪನಿ ಒತ್ತಡ ಹಾಕಿ ಏರಿಸಿದ್ರೆ ಅದೂ ಎಲ್ಲರ ಕಣ್ಣಿಗೆ ಕಾಣುತ್ತೆ.
4. ಸರಾಸರಿ ತೆಗೆಯೋರು ತೂಕದ ಪಟ್ಟಿ ಬಹಿರಂಗ ಮಾಡಿ.

"90 ದಿನ ಆದ್ಮೇಲೆ ಮತ್ತೆ ಆಡೋಕೆ ಅವರಿಗೆಲ್ಲಿ ಟೈಮು, ಯಾರು ಓದ್ತಾರೆ?" ನ್ಯಾಯವಾದ ಪ್ರಶ್ನೆ. ಎಲ್ಲಾ ಗೇಮಿಗೂ ಬೇಡ. ಬಿಡುಗಡೆ ಆದ್ಮೇಲೆ ಅಂಗಡಿ ತೆರೆದ ಗೇಮ್, ಬಹುಮಾನ ಬದಲಾಯಿಸಿದ ಗೇಮ್, ಸರ್ವರ್ ಬಿದ್ದ ಗೇಮ್, ಅಷ್ಟಕ್ಕೆ ಮಾಡ್ಲಿ. ಓದೋರು ಖಂಡಿತ ಇದ್ದಾರೆ. ನಮ್ಮಂಥವರು ಬಿಡುಗಡೆ ದಿನ ಗೇಮ್ ಕೊಳ್ಳಲ್ಲ ಕಣ್ರೀ. ಆರು ತಿಂಗಳು, ಒಂದು ವರ್ಷ ಕಾದು ಸೇಲ್‌ನಲ್ಲೋ ಸೆಕೆಂಡ್ ಹ್ಯಾಂಡೋ ತಗೋತೀವಿ. ಮೊದಲ ದಿನದ ಅಂಕ ಸಿಗೋದು ಮೊದಲ ದಿನ ಕೊಳ್ಳೋ ತಾಕತ್ತಿರೋರಿಗೆ. ಕಾದು ಕೊಳ್ಳೋರಿಗೆ, ಅಂದ್ರೆ ಪ್ರತಿ ರೂಪಾಯಿ ಎಣಿಸೋರಿಗೆ, ಸಿಗೋದು ಹಳಸಿದ ಅಂಕ. ನನ್ನ ಸಿಟ್ಟೆಲ್ಲ ಇದೇ.

ಅವರು ಬದಲಾಗೋವರೆಗೆ ನಾವು ಸುಮ್ನೆ ಕೂರೋದು ಬೇಡ. ನೀವು ಈಗ ಆಡ್ತಿರೋ ಒಂದು ರೇಸಿಂಗ್ ಗೇಮ್ ಬಗ್ಗೆ ಕಾಮೆಂಟ್‌ನಲ್ಲಿ ಐದು ಸಾಲು ಹಾಕಿ: ಗೇಮ್ ಹೆಸರು, ಇವತ್ತಿನ ತಾರೀಖು, ಯಾವ ಫೋನ್ ಅಥವಾ ಕನ್ಸೋಲ್, ಸ್ಟೀರಿಂಗ್‌ಗೆ 10ಕ್ಕೆ ಎಷ್ಟು, ಗ್ಯಾರೇಜ್‌ಗೆ 10ಕ್ಕೆ ಎಷ್ಟು. ದುಡ್ಡು ಹಾಕಿದ್ರೆ ಎಷ್ಟು ಅಂತಲೂ ಹೇಳಿ, ನಾಚ್ಕೊಬೇಡಿ. ಪಿಯುಸಿ ತಮ್ಮಂದಿರು ತಂಗಿಯರೂ ಹಾಕಿ, ಬಸ್ ಗೇಮ್ ಆಡೋರೂ ಹಾಕಿ. ಮೂರು ತಿಂಗಳಿಗೆ ಅದೇ ಗೇಮ್‌ಗೆ ಮತ್ತೆ ಕೇಳ್ತೀನಿ, ಎರಡೂ ಅಂಕ ಒಟ್ಟಿಗೆ ಪೋಸ್ಟ್ ಮಾಡ್ತೀನಿ.

ಇನ್ನು ಮುಂದೆ ಯಾರಾದ್ರೂ "ಇದಕ್ಕೆ 87 ಬಂದಿದೆ" ಅಂದ್ರೆ ಒಂದೇ ಒಂದು ಪ್ರಶ್ನೆ ಕೇಳಿ: ಯಾವತ್ತಿಂದು?

#ಹಳಸಿದಅಂಕ #ಗ್ರ್ಯಾನ್‌ಟುರಿಸ್ಮೊ7 #ಕನ್ನಡಗೇಮಿಂಗ್ #ಹೊಂಗನೂರು #ಚನ್ನಪಟ್ಟಣ #ಬಿಕಾಂಹುಡುಗರು